ಹನ್ನೊಂದು ನಿಮಿಷ ತಡ

ನಮ್ಮೂರಿನ ಗುಡ್ಡಕ್ಕೆ ಮುಖ ಮಾಡಿ ಕೂಗಿದರೆ ಮಾರುದನಿ ಬರಲು ಮೂವತ್ತು ವರ್ಷ ಬೇಕು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿಯಿಲ್ಲ. ಬೇರೆ ಊರಿನ ಗುಡ್ಡಗಳು ಆಗಿಂದಾಗ್ಗೆ ಎದುರುತ್ತರ ಕೊಡುತ್ತವಂತೆ, ನಮ್ಮದು ನಿಧಾನಸ್ಥ. ಮನೆಯೊಳಗಿನ ಪಿಸುಮಾತು ಅದಕ್ಕೆ ಬೇಡ. ಬಯಲಲ್ಲಿ, ಎತ್ತರದ ದನಿಯಲ್ಲಿ ಆಡಿದ್ದನ್ನಷ್ಟೇ ತೆಗೆದಿಟ್ಟುಕೊಳ್ಳುತ್ತದೆ. ಹಾಗಾಗಿ ಇಲ್ಲಿನ ಗಂಡಹೆಂಡಿರು ಬಾಗಿಲು ಹಾಕಿಕೊಂಡೇ ಜಗಳವಾಡುತ್ತಾರೆ. ತಡೆಯಲಾರದೆ ಅಂಗಳಕ್ಕೆ ಬಂದು ಬೈದವರು ಮುಂದೊಂದು ದಿನ ಮೊಮ್ಮಕ್ಕಳೆದುರು ತಲೆ ತಗ್ಗಿಸುತ್ತಾರೆ. ಕಡಲೆಕಾಯಿ ಮಾರುವ ಬೋರಣ್ಣನಂತೂ ಬಾಯಿಯನ್ನೇ ಬಿಡುವುದಿಲ್ಲ. ತೀರಿಹೋದ ಅವನ ಅಪ್ಪನ "ಬಿಸೀ ಕಡ್ಲೇಕಾಯ್" ಕೂಗು ದಿನಾ ಸಂಜೆ ನಾಲ್ಕಕ್ಕೆ ಗುಡ್ಡದಿಂದ ಇಳಿದು ಬೀದಿಬೀದಿ ತಿರುಗುತ್ತದೆ, ಇವನು ಬುಟ್ಟಿ ಹೊತ್ತುಕೊಂಡು ಅದರ ಹಿಂದೆ ಸುಮ್ಮನೆ ನಡೆಯುತ್ತಾನೆ. "ನಮ್ಮಪ್ಪನಿಗೆ ಇನ್ನೂ ಎಂಟು ವರ್ಷ ಸರ್ವೀಸ್ ಐತೆ ಕಣಣ್ಣಾ" ಎಂದು ನಗುತ್ತಾನೆ.

ನಾನು ಪುರಸಭೆಯ ದನಿ ಗುಮಾಸ್ತ. ಹೆಸರು ಚಂದ್ರಹಾಸ. ಗುಡ್ಡ ಏನೇನು ವಾಪಸು ಕೊಟ್ಟಿತು, ಎಷ್ಟು ಗಂಟೆಗೆ, ಯಾರ ದನಿ ಎಂದು ದೊಡ್ಡ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಬಿ.ಎ. ಮಾಡಿದವನು ಕುರಿ ‘ಬ್ಯಾ’ ಅಂದದ್ದನ್ನು ಬರೆಯುತ್ತಾ ಕೂತಿದ್ದಾನೆ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಿವಿಮಾತು ಕೇಳದವನಿಗೆ ಕಿವಿಯೇ ಹೊಟ್ಟೆಪಾಡಾಗಿದೆ. ನನಗಿಂತ ಮೊದಲು ಈ ಕುರ್ಚಿಯಲ್ಲಿ ನಮ್ಮಪ್ಪ ಇದ್ದರು. ಓಣಿಯಾಚೆ ಯಾರೋ ಕೆಮ್ಮಿದರೆ ಅದು ಯಾರ ಮನೆಯ ಯಾರ ಕೆಮ್ಮು, ಕೆಮ್ಮಿಗೆ ಎಷ್ಟು ದಿನವಾಯಿತು ಎಂದು ಹೇಳುತ್ತಿದ್ದ ಕಿವಿ ಅವರದು. ಮದುವೆಮನೆಗಳಲ್ಲಿ ಊರಿನ ದೊಡ್ಡ ಮನುಷ್ಯರ ದನಿ ತೆಗೆದು ನಗಿಸುತ್ತಿದ್ದರು. ಬೀಗರು ತಮ್ಮದೇ ದನಿ ಕೇಳಿ ಎದ್ದು ನಿಲ್ಲುತ್ತಿದ್ದರು. ಅಪ್ಪನಿಂದ ನನಗೆ ಬಂದದ್ದು ಎರಡೇ: ಆ ಪುಸ್ತಕ, ಈ ಗಂಟಲು.

ಇನ್ನು ಗಡಿಯಾರದ ತಮ್ಮಯ್ಯನವರು. ಸಂತೆಪೇಟೆಯ ಮೂಲೆಯಲ್ಲಿ ವಾಚು ರಿಪೇರಿ ಅಂಗಡಿ, ಅರವತ್ತು ವಯಸ್ಸು, ಒಂದು ಕಣ್ಣಿಗೆ ಸದಾ ಸಿಕ್ಕಿಸಿಕೊಂಡ ಭೂತಗನ್ನಡಿ. ಮಾತು ಮೆಲ್ಲಗೆ, ವಾಕ್ಯದ ಕೊನೆಗೆ ಮೂಗಿನಿಂದ ಸಣ್ಣದೊಂದು ಗಾಳಿ. ಅಕ್ಕಿ ಗಿರಣಿಯ ಮಧ್ಯಾಹ್ನದ ಸೈರನ್ನು ಗುಡ್ಡ ಮೂವತ್ತು ವರ್ಷದ ಮೇಲೆ ವಾಪಸು ಕೊಡುತ್ತದಲ್ಲ, ಅದಕ್ಕೇ ಅವರು ಅಂಗಡಿಯ ಗಡಿಯಾರಗಳನ್ನೆಲ್ಲ ಹೊಂದಿಸುವುದು. "ಗುಡ್ಡ ಒಂದೇ ಸುಳ್ಳು ಹೇಳದ ಗಡಿಯಾರ" ಎನ್ನುತ್ತಾರೆ. ಯಾರಾದರೂ ತಪ್ಪು ಹೊತ್ತು ಹೇಳಿದರೆ ಅವರಿಗೆ ಊಟ ಸೇರುವುದಿಲ್ಲ. ಒಮ್ಮೆ ಮದುವೆಯೊಂದರಲ್ಲಿ ಪುರೋಹಿತರು "ಮುಹೂರ್ತ ಬಂತು" ಎಂದಾಗ ಅಕ್ಷತೆ ಹಿಡಿದ ಜನರ ನಡುವಿನಿಂದ "ಇನ್ನೂ ಎರಡು ನಿಮಿಷ" ಎಂದವರು ಇವರೇ. ಗಂಡು ಮಾಂಗಲ್ಯ ಹಿಡಿದುಕೊಂಡು ಎರಡು ನಿಮಿಷ ಕಾದ.

ಒಂದು ಬೆಳಿಗ್ಗೆ ವಾಚಿನ ಪಟ್ಟಿ ಹಾಕಿಸಲು ಅವರ ಅಂಗಡಿಗೆ ಹೋದೆ. ಅಲ್ಲಿಂದ ಈ ಕಥೆ ಶುರು.

"ಏನಯ್ಯಾ ಗುಮಾಸ್ತ, ನಿನ್ನ ವಾಚು ಒಂದೂವರೆ ನಿಮಿಷ ಹಿಂದೆ."

"ಪುರಸಭೆ ನೌಕರ ಸಾರ್. ಅಷ್ಟು ಹಿಂದೆ ಬೀಳದಿದ್ರೆ ಮುಂದೆ ಬರೋಕೆ ಬಿಡಲ್ಲ."

ಅವರು ನಗಲಿಲ್ಲ. ಬೆಂಚಿನ ಮೇಲೆ ಕಾದಿದ್ದ ಮೂವರು ಹುಡುಗರು ನಕ್ಕರು. ತಮ್ಮಯ್ಯನವರು ಭೂತಗನ್ನಡಿ ತೆಗೆದಿಟ್ಟು, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹತ್ತಿ ಮಂಡಿ ಬಾಗಿಲು ಎಷ್ಟು ಗಂಟೆಗೆ ಹಾಕಿದ್ರು ಅಂತ ದಾಖಲೆ ಹೇಳುತ್ತೆ?" ಎಂದರು.

"ಹನ್ನೆರಡು ಗಂಟೆಗೆ."

"ಗುಡ್ಡ ಎಷ್ಟು ಗಂಟೆಗೆ ಹೇಳ್ತು?"

"ಹನ್ನೆರಡು ಹನ್ನೊಂದಕ್ಕೆ."

"ಗುಡ್ಡ ತಡ ಮಾಡುತ್ತಾ? ಮಾಡಲ್ಲ. ಅವತ್ತೂ ಸೈರನ್ ಸರಿಯಾಗಿ ಹನ್ನೆರಡಕ್ಕೇ ಬಂತು, ನಾನೇ ಗಡಿಯಾರ ಇಟ್ಟಿದೀನಿ. ಹಂಗಾದ್ರೆ ಹನ್ನೊಂದು ನಿಮಿಷ ತಡವಾಗಿ ಬಂದಿದ್ದು ಗುಡ್ಡದ ದನಿ ಅಲ್ಲ." ಮೂಗಿನಿಂದ ಗಾಳಿ. "ಅವತ್ತು ಗುಡ್ಡ ಕೂಗಲಿಲ್ಲ ಕಣಯ್ಯಾ. ನಿಮ್ಮಪ್ಪ ಕೂಗಿದ. ಕಲಾವಿದ, ಯಾರ ದನಿ ಬೇಕಾದ್ರೂ ತೆಗೀತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾರೋ ಹೇಳಿ ಮಾಡಿಸಿದಾರೆ."

"ಹೌದಲ್ವಾ, ಹನ್ನೊಂದು ನಿಮಿಷ ಅಂದ್ರೆ..." ಎಂದ ಬೆಂಚಿನ ಮೇಲಿದ್ದವನೊಬ್ಬ, ದೊಡ್ಡದೇನೋ ಹೊಳೆದವನಂತೆ. ಗುಡ್ಡ ಕೂಗಿದ ದಿನ ಆ ಮೂವರೂ ತೊಟ್ಟಿಲಲ್ಲಿದ್ದವರು.

ಅವರು ಹೇಳಿದ್ದು ಏನೆಂದು ತಿಳಿಯಲು ನಲವತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು. ಆಗ ನಮ್ಮೂರಲ್ಲಿ ಕಂದೀಲು ಓಣಿ ಎಂದಿತ್ತು. ಹೊಳೆಯಾಚೆಯಿಂದ ಬಂದು ನೆಲೆಸಿದ ಕಂದೀಲು ಮಾಡುವವರು. ಅವರ ಮಾತು, ಹಬ್ಬ, ಅಡುಗೆಯ ಒಗ್ಗರಣೆ ಎಲ್ಲ ಸ್ವಲ್ಪ ಬೇರೆ. ಅದಕ್ಕೇ ಊರಿಗೆ ಅವರನ್ನು ಕಂಡರೆ ಮೊದಲು ತಮಾಷೆ, ಆಮೇಲೆ ಅನುಮಾನ, ಕೊನೆಗೆ ಇನ್ನೇನೋ. ಒಂದು ಸೋಮವಾರ ಕಂದೀಲಿಗೆ ಪುರಸಭೆಯ ಮುದ್ರೆ ಹಾಕಿಸಬೇಕೆಂದು ಅವರನ್ನೆಲ್ಲ ಹತ್ತಿ ಮಂಡಿಗೆ ಕರೆಸಿದರು. ಹೊರಗಿನಿಂದ ಬಾಗಿಲು ಹಾಕಿದರು. ಬೆಂಕಿ ಹಚ್ಚಿದರು. ಅರವತ್ತೆರಡು ಜನ ಒಳಗೆ ಹೋಗಿದ್ದರು, ಮಾಡಿನ ಬೆಳಕಿಂಡಿಯಿಂದ ಒಬ್ಬಳು ಹೊರಗೆ ಬಿದ್ದಳು. ಅವಳು ಸೀಬಕ್ಕ. ‘ಹತ್ತಿ, ಸೀಮೆಎಣ್ಣೆ, ಅವರದೇ ಅಜಾಗರೂಕತೆ’ ಎಂದು ಊಟಕ್ಕೆ ಹೊರಟಿದ್ದ ದಫೇದಾರ ಬರೆದ. ಹೊತ್ತು ಎಷ್ಟೆಂದು ಯಾರನ್ನೂ ಕೇಳದೆ ದುಂಡಗೆ ‘ಹನ್ನೆರಡು’ ಎಂದು ಹಾಕಿದ. ಬಾಗಿಲು ಹೊರಗಿನಿಂದ ಹಾಕಿತ್ತು ಎಂದು ಸೀಬಕ್ಕ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಬಯಲಲ್ಲಿ ಹೇಳಹೋದಾಗ ಊರಿನ ಶಾಂತಿ ಕೆಡುತ್ತದೆಂದು ಅವಳ ಬಾಯಿಗೆ ಪಟ್ಟಿ ಕಟ್ಟಿಸಿದರು.

ಮೂವತ್ತು ವರ್ಷವಾಯಿತು. ಆ ತಾರೀಖು ಬಂತು. ನಾನಾಗ ಕಾಲೇಜು ಹುಡುಗ. ಕಚೇರಿಯ ಮಾಳಿಗೆಯ ಮೇಲೆ ಅಪ್ಪನ ಪಕ್ಕ ನಿಂತಿದ್ದೆ. ಸೈರನ್ ಬಂತು. ಆಮೇಲೆ ಸಂತೆಯ ಗದ್ದಲ. ನಡುವೆ ಯಾರೋ ಒಬ್ಬ ಯುವಕ ಗಟ್ಟಿಯಾಗಿ ಒಂದು ಚಿಕ್ಕ ಮಾತು ಹೇಳಿದ. ಮಾತು ಗಾಳಿಗೆ ಹೋಯಿತು, ರಾಗ ಮಾತ್ರ ಉಳಿಯಿತು: ಮೊದಲರ್ಧ ಮೇಲಕ್ಕೆ ಹತ್ತಿ, ಉಳಿದರ್ಧ ಮೂಗಿನೊಳಕ್ಕೆ ಇಳಿದ ರಾಗ. ಅದರ ಹಿಂದೆಯೇ ದಪ್ಪ ದನಿಯೊಂದು "ಹಾಕ್ರೋ ಬಾಗಿಲು" ಎಂದಿತು. ಅದು ಸಂತೆ ಉಸ್ತುವಾರಿಯ ಮುದ್ದಯ್ಯನ ದನಿ ಎಂದು ಇಡೀ ಊರು ಗುರುತಿಸಿತು. ಮುದ್ದಯ್ಯ ಎಂದರೆ ತಮ್ಮಯ್ಯನವರ ತಂದೆ, ಅಷ್ಟರಲ್ಲಿ ತೀರಿಕೊಂಡಿದ್ದ. ಆಮೇಲೆ ಅಗಳಿ ಬಿದ್ದ ಸದ್ದು. ಆಮೇಲೆ ಬಂದದ್ದೂ ನನಗೆ ನೆನಪಿದೆ. ನಾನು ಊರಿನ ಎಲ್ಲರ ದನಿ ತೆಗೆಯುತ್ತೇನೆ, ಹಸು ಕರು ರೈಲು ತೆಗೆಯುತ್ತೇನೆ, ಅದನ್ನು ತೆಗೆಯುವುದಿಲ್ಲ.

ಊರು ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೇ ದಿನ ಕಾಯಿದೆ ಮಾಡಿದರು: ಹತ್ತಿ ಮಂಡಿಯಲ್ಲಿ ನಡೆದದ್ದು ನಡೆದೇ ಇಲ್ಲವೆಂದು ಯಾರೂ ಹೇಳಬಾರದು, ಓದಬಾರದು, ಓದಿಸಬಾರದು, ತಪ್ಪಿದರೆ ಒಂದು ವರ್ಷ ಬಾಯಿಪಟ್ಟಿ. ಜನರ ಬಾಯಲ್ಲಿ ಅದು ‘ಇಲ್ಲ ಕಾಯಿದೆ’. ನಮ್ಮೂರಲ್ಲಿ ಇಲ್ಲ ಕಾಯಿದೆ ಇದೆ. ಹೊಸದರಲ್ಲಿ ಮಂಡಿ ಪಕ್ಕದ ಕಿರಾಣಿಯವನು ಸಕ್ಕರೆ ಮುಗಿದರೂ "ಇಲ್ಲ" ಎನ್ನಲು ಹೆದರಿ "ನಾಳೆ ಇರುತ್ತೆ" ಎನ್ನುತ್ತಿದ್ದ.

ತಮ್ಮಯ್ಯನವರು ಅಂಗಡಿಯೊಳಗೆ ಗೊಣಗಿಕೊಂಡಿದ್ದರೆ ನಾನು ಕಿವುಡನಂತಿರುತ್ತಿದ್ದೆ. ಆದರೆ ಪಟ್ಟಿ ಹಾಕಿ ಮುಗಿಸಿದವರು ಮೇಜಿನ ಖಾನೆಯಿಂದ ಒಂದು ಅರ್ಜಿ ತೆಗೆದು ಕೊಟ್ಟರು. ಊರಾಚೆ ಗುಡ್ಡಕ್ಕೆ ಎದುರಾಗಿ ಮಾತುಗಲ್ಲು ಎಂಬ ಬಂಡೆಯಿದೆ. ವರ್ಷಕ್ಕೊಮ್ಮೆ ಯಾರು ಬೇಕಾದರೂ ಅದರ ಮೇಲೆ ನಿಂತು, ಗುಡ್ಡ ಇಟ್ಟುಕೊಳ್ಳಲಿ ಎಂದು ತಮಗನಿಸಿದ್ದನ್ನು ಹೇಳಬಹುದು. ಅಜ್ಜಂದಿರ ಕಾಲದ ಪದ್ಧತಿ. ಇವತ್ತಿನವರೆಗೆ ಯಾರಿಗೂ ಬೇಡ ಎಂದಿಲ್ಲ. ಅರ್ಜಿಯ ವಿಷಯ: ಹನ್ನೊಂದು ನಿಮಿಷ.

"ನಾನು ಸತ್ತಮೇಲಾದ್ರೂ ನಮ್ಮಪ್ಪನ ಹೆಸರು ತೊಳೀಲಿ" ಎಂದರು.

ನಮ್ಮಪ್ಪನ ಹೆಸರಿಗೆ ಮಸಿ ಬಳಿದು ಅವರಪ್ಪನ ಹೆಸರು ತೊಳೆಯಬೇಕು! ಹಲ್ಲು ಕಚ್ಚಿಕೊಂಡು ಅರ್ಜಿ ತೆಗೆದುಕೊಂಡೆ, ನೆಟ್ಟಗೆ ಸೀಬಕ್ಕನ ಮನೆಗೆ ಹೋದೆ.

ಸೀಬಕ್ಕನಿಗೆ ಎಪ್ಪತ್ತು. ಈಗಲೂ ಕಂದೀಲು ಮಾಡುತ್ತಾಳೆ. ಕರೆಂಟು ಹೋಗದಿದ್ದರೂ ಊರಿನವರು ಕೊಳ್ಳುತ್ತಾರೆ. ಓಣಿಯ ಉಳಿದ ಮನೆಗಳಿಗೆ ಬೇರೆಯವರು ಬಂದಿದ್ದಾರೆ, ಅವರ ಸೊಸೆಯಂದಿರೆಲ್ಲ ಮಧ್ಯಾಹ್ನ ಇವಳ ಜಗಲಿಯಲ್ಲೇ. ನಾನು ಹೋದಾಗ ಅವಳು ಗಾಜು ಒರೆಸುತ್ತಿದ್ದಳು. ವಿಷಯ ಹೇಳಿದೆ.

"ನೀನು ಹೇಳಿದ್ದು ಬೇಡ. ಅವನು ಹೇಳಿದಂಗೆ ಹೇಳು."

ತಮ್ಮಯ್ಯನವರ ದನಿ ತೆಗೆದೆ. ಮೆಲುಮಾತು, ಎಡಗಣ್ಣು ಕಿರಿದು ಮಾಡಿದ್ದು, ಕೊನೆಯ ಗಾಳಿ, ಒಂದೂ ಬಿಡದೆ. ಸೀಬಕ್ಕ ಮೊದಲು ನಕ್ಕಳು. "ಅಯ್ಯೋ ನಿನ್ನ! ಮೂಗಿನ ಗಾಳೀನೂ ಬಂತಲ್ಲೋ." ಆಮೇಲೆ ಗಾಜನ್ನು ಕೆಳಗಿಟ್ಟಳು. "ನಾಳೆ ನಾನು ಸತ್ತೋಗ್ತೀನಿ. ನಿಮ್ಮ ಪುರಸಭೆ ಮೇಡಮ್ಮೂ ಹೋಗ್ತಾರೆ. ಆಮೇಲೆ ಒಂದು ದಿನ ಗುಡ್ಡ ಬಾಯಿ ಬಿಟ್ಟು ‘ಯಾರೂ ಬಾಗಿಲು ಹಾಕಲಿಲ್ಲ’ ಅಂದ್ರೆ, ಕೇಳೋರು ಏನಂತಾರೆ ಮಗಾ? ಗುಡ್ಡ ಸುಳ್ಳು ಹೇಳಲ್ಲ ಅಂತಾರೆ. ನನ್ನ ಅರವತ್ತೊಂದು ಜನ ಇನ್ನೊಂದು ಸಲ ಹೋಗ್ತಾರೆ."

ಮರುದಿನ ಪುರಸಭೆಯ ಸಭೆ. ಅಧ್ಯಕ್ಷೆ ವನಜಾಕ್ಷಿ ಮೇಡಂ ಒಳ್ಳೆಯವರು, ಬೇಗ ನಿರ್ಧರಿಸುವವರು. ಮೊದಲು ನಿರ್ಧರಿಸಿ ಆಮೇಲೆ ವಿಷಯ ಕೇಳುತ್ತಾರೆ. "ಅರ್ಜಿ ಓದಿ" ಎಂದರು. ಕಾರ್ಯದರ್ಶಿ ಎದ್ದು, "ಹತ್ತಿ ಮಂಡಿಯ ಬಾಗಿಲನ್ನು ಅಂದು ಯಾರೂ ಹಾಕಿರಲಿ..." ಎನ್ನುವಷ್ಟರಲ್ಲಿ ಬೆವರಿ ಕೂತುಬಿಟ್ಟರು. ಓದಿದರೆ ಅವರಿಗೇ ಬಾಯಿಪಟ್ಟಿ! ಕಾಗದ ಪಕ್ಕದವರ ಕೈಗೆ ಹೋಯಿತು, ಅವರ ಕೈಯಿಂದ ಪಕ್ಕದವರಿಗೆ, ಬಿಸಿ ಕಾವಲಿಯಂತೆ ಮೇಜು ಸುತ್ತಿ ನನ್ನ ಹತ್ತಿರ ಬಂತು.

"ನೀನು ಓದಪ್ಪಾ, ನಿನ್ನ ಕೆಲಸವೇ ಅದಲ್ವಾ" ಎಂದರು ಮೇಡಂ.

"ಬಾಯಿಪಟ್ಟಿ ಕಟ್ಟಿದ ದನಿ ಗುಮಾಸ್ತನ್ನ ಎಲ್ಲಾದ್ರೂ ನೋಡಿದೀರಾ ಮೇಡಂ?"

ಕೊನೆಗೆ ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳುವುದೆಂದಾಯಿತು. ಮನಸ್ಸಿನಲ್ಲಿ ಓದಿದರೆ ಓದಿದಂತೆಯೋ ಅಲ್ಲವೋ ಎಂದು ಕಾಯಿದೆ ಹೇಳಿರಲಿಲ್ಲ. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು, ಹಿರಿಯ ಸದಸ್ಯ ಕೆಂಚಪ್ಪನವರ ಸರದಿ ಬರುವ ತನಕ. ಅವರಿಗೆ ಬಾಯಿ ಬಿಡದೆ ಓದಲು ಬರುವುದಿಲ್ಲ. ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಕಿಟಕಿ ತೆರೆದಿತ್ತು, ಎದುರಿಗೇ ಗುಡ್ಡ. ಉಳಿದ ಒಂಬತ್ತೂ ಸದಸ್ಯರು ಎದ್ದು ನಿಂತು ಕೆಮ್ಮಿದರು. ಅವರ ದನಿ ಮುಳುಗುವಷ್ಟು ಕೆಮ್ಮಿದರು. ಇನ್ನು ಮೂವತ್ತು ವರ್ಷದ ಮೇಲೆ ಯಾವನೋ ಗುಮಾಸ್ತ ‘ಪುರಸಭೆಗೆ ನಾಯಿಕೆಮ್ಮು’ ಎಂದು ಬರೆದುಕೊಳ್ಳಲಿದ್ದಾನೆ.

ಕೆಮ್ಮು ನಿಂತಮೇಲೆ ಮೇಡಂ ಹೇಳಿದರು: "ಅರ್ಜಿ ತಿರಸ್ಕರಿಸೋಣ, ಮನುಷ್ಯನಿಗೆ ಪಟ್ಟಿ ಕಟ್ಟೋಣ. ನನಗೇನು ಖುಷಿ ಅಲ್ಲ ಇದು. ಆದ್ರೆ ಬರೀ ಮಾತು ಅಂತ ಬಿಡೋಕಾಗುತ್ತಾ? ಬೆಂಕಿಗೂ ಮುಂಚೆ ಇಲ್ಲಿ ಬಂದಿದ್ದು ಮಾತೇ ತಾನೆ? ‘ಆ ಓಣಿಯವರು ಹಾಗಂತೆ, ಹೀಗಂತೆ.’ ಅವತ್ತು ಯಾರಾದ್ರೂ ಬಾಯ್ಮುಚ್ಚು ಅಂದಿದ್ರೆ ಮಂಡಿ ಉರೀತಿರಲಿಲ್ಲ."

ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ.

"ಪಟ್ಟಿ ಕಟ್ಟಿದ್ರೆ ಅಂಗಡಿ ಬೆಂಚಿನ ಮೇಲೆ ಕೂತ ಹುಡುಗರು ಏನಂತಾರೆ ಮೇಡಂ?" ಎಂದೆ. "ನಿಜ ಹೇಳಿದ್ದಕ್ಕೇ ಕಟ್ಟಿದ್ರು ಅಂತಾರೆ."

"ಹಾಗಾದ್ರೆ ಇನ್ನೊಂದು ಮಾಡು." ಮೇಡಂ ದನಿ ತಗ್ಗಿಸಿದರು. "ಬೆಳಿಗ್ಗೆ ಯಾರೂ ಇಲ್ಲದಾಗ ನೀನೇ ಕಲ್ಲಿನ ಮೇಲೆ ನಿಂತು ತಮ್ಮಯ್ಯನವರ ದನೀಲಿ ‘ನಾನು ಹೇಳಿದ್ದೆಲ್ಲ ಸುಳ್ಳು’ ಅಂತ ಕೂಗಿಬಿಡು. ಗುಡ್ಡಕ್ಕೇನು ಗೊತ್ತಾಗುತ್ತೆ?"

ಸತ್ಯ ಹೇಳುತ್ತೇನೆ, ಒಂದು ಗಳಿಗೆ ಗಂಟಲು ತುರಿಸಿತು. ಎಂಥ ಪಾತ್ರ! ಆದರೆ ಹಾಗೆ ಮಾಡಿದರೆ ತಮ್ಮಯ್ಯನವರು ನಮ್ಮ ಮನೆತನದ ಬಗ್ಗೆ ಹೇಳಿದ್ದು ನಿಜವಾಗಿಬಿಡುತ್ತಿತ್ತು. "ಆಗಲ್ಲ ಮೇಡಂ" ಎಂದೆ. ನನ್ನ ಜೀವಮಾನದಲ್ಲಿ ಅನುಕರಣೆಗೆ ಕರೆದಾಗ ಒಲ್ಲೆ ಎಂದದ್ದು ಅದೊಂದೇ ಸಲ.

ಆಗ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಸೀಬಕ್ಕ ಮಾತಾಡಿದಳು.

"ಮೇಡಮ್ಮೋರೆ, ಮೂವತ್ತು ವರ್ಷ ನನ್ನ ಬಾಯಿಗೆ ಪಟ್ಟಿ ಕಟ್ಟಿದ್ರಿ. ನೀವಲ್ಲ, ನಿಮಗೂ ಮುಂಚೆ ಆ ಕುರ್ಚೀಲಿ ಕೂತೋರು. ಅವರೂ ಒಳ್ಳೇದಕ್ಕೇ ಅಂದ್ರು. ಈಗ ಅದೇ ಬಟ್ಟೆ ಒಗೆದು ತಮ್ಮಯ್ಯಂಗೆ ಕಟ್ತೀರಾ? ಅದರ ವಾಸನೆ ನನಗೆ ಗೊತ್ತು. ಕಟ್ಟಿಸಿಕೊಂಡೋನು ಒಳಗೊಳಗೇ ಇನ್ನೂ ಜೋರಾಗಿ ಮಾತಾಡ್ತಾನೆ. ನಾನಂತೂ ಮಾತಾಡ್ದೆ."

"ಮತ್ತೆ ಸುಳ್ಳು ಹೇಳೋಕೆ ಬಿಡೋದಾ ಅಕ್ಕ?"

"ಹೇಳ್ಲಿ. ನನ್ನದೂ ಒಂದು ಅರ್ಜಿ ಬರ್ಕೊಳ್ಳಿ. ಅವನ ಹಿಂದೇನೇ ನನ್ನ ಸರದಿ. ನಡುವೆ ಒಂದು ಕಾಗೆ ಕೂಗೋಕೂ ಜಾಗ ಇರಬಾರದು. ಗುಡ್ಡ ಅವನ್ನ ವಾಪಸು ಕೊಟ್ರೆ, ಅದೇ ಉಸಿರಲ್ಲಿ ನನ್ನನ್ನೂ ಕೊಡಬೇಕು."

ಹತ್ತು ಜನ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಯಿದೆಯನ್ನು ತೆಗೆಯಲಿಲ್ಲ, ಅರ್ಜಿಯನ್ನು ತಿರಸ್ಕರಿಸಲಿಲ್ಲ. ತಮ್ಮಯ್ಯನವರು ಮಾತಾಡಿದ ಮರುದಿನ ಅಪರಾಧದ ವಿಚಾರಣೆ ಎಂದು ಬರೆದರು. ಕಾಯಿದೆ ಒಂದು ದಿನ ಕಾಯಲಿ ಎಂದು ನಾನು ಅಂಚಿನಲ್ಲಿ ಗೀಚಿದೆ.

ಮುಂದಿನ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಊರೆಲ್ಲ ಮಾತುಗಲ್ಲಿನ ಸುತ್ತ ಸೇರಿತ್ತು. ಬೋರಣ್ಣ ಬುಟ್ಟಿ ತಂದಿದ್ದ. ಬೆಂಚಿನ ಮೂವರು ಹುಡುಗರು ಮುಂದಿನ ಸಾಲಿನಲ್ಲೇ. ತಮ್ಮಯ್ಯನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಎರಡೂ ಕೈಗೆ ವಾಚು ಕಟ್ಟಿಕೊಂಡು ಬಂಡೆ ಹತ್ತಿದರು. ಅಂಗಡಿಯಲ್ಲಿ ಪಿಸುಗುಟ್ಟುವ ಮನುಷ್ಯ ಏನು ಕೂಗಿಯಾರು ಎಂದುಕೊಂಡಿದ್ದೆ. ಕೂಗಿದರು. ದಾಖಲೆ ಹನ್ನೆರಡು ಎನ್ನುತ್ತದೆ, ಸದ್ದು ಬಂದದ್ದು ಹನ್ನೊಂದು ನಿಮಿಷ ತಡ, ಗುಡ್ಡ ತಡ ಮಾಡುವುದಿಲ್ಲ, ಆದ್ದರಿಂದ ಅದು ಗುಡ್ಡದ್ದಲ್ಲ, ಮನುಷ್ಯನ ಕೈವಾಡ. ಒಂದೊಂದು ಮಾತನ್ನೂ ಸ್ಕ್ರೂ ಬಿಗಿದಂತೆ ಬಿಗಿದರು. ಕೇಳುತ್ತಾ ಕೇಳುತ್ತಾ ನನಗೇ, ಅವತ್ತು ಅಪ್ಪನ ಪಕ್ಕದಲ್ಲೇ ನಿಂತಿದ್ದ ಮಗನಿಗೇ, ಹೌದೇನೋ ಎನಿಸಿತು. ಕೊನೆಯಲ್ಲಿ ಮಾತ್ರ ದನಿ ಒಡೆಯಿತು: "ನಮ್ಮಪ್ಪ ಮುದ್ದಯ್ಯ ಬಾಗಿಲು ಹಾಕಿಸಲಿಲ್ಲ! ಯಾರೂ ಹಾಕಲಿಲ್ಲ!"

ಅವರು ಬಾಯಿ ಮುಚ್ಚುವಷ್ಟರಲ್ಲಿ ಸೀಬಕ್ಕ ಬಂಡೆಯ ಮೇಲಿದ್ದಳು. ಅವರು ಇಳಿಯಲು ಹೊರಟರು. "ಎಲ್ಲಿಗೆ? ಇಲ್ಲೇ ನಿಂತ್ಕೋ. ಕೈ ಕೊಡು, ಮೊಣಕಾಲು ನಡುಗ್ತೈತೆ." ಬೀಳುವಂತಿದ್ದ ಮುದುಕಿಯನ್ನು ಯಾರು ಬಿಟ್ಟು ಹೋಗುತ್ತಾರೆ? ಕೈ ಕೊಟ್ಟರು. ಅವಳು ಗಟ್ಟಿಯಾಗಿ ಹಿಡಿದುಕೊಂಡು ಗುಡ್ಡದತ್ತ ತಿರುಗಿದಳು.

"ಅವತ್ತೂ ಸೋಮವಾರ! ಕಂದೀಲಿಗೆ ಮುದ್ರೆ ಹಾಕ್ತೀವಿ ಬನ್ನಿ ಅಂದ್ರು! ಅರವತ್ತೆರಡು ಜನ ಒಳಗೆ ಹೋದ್ವಿ! ಸರಿಯಾಗಿ ಹನ್ನೆರಡು ಗಂಟೆಗೆ ಆಚೆಯಿಂದ ಬಾಗಿಲು ಹಾಕಿದ್ರು!"

"ಹನ್ನೆರಡಲ್ಲ!" ಎಂದರು ತಮ್ಮಯ್ಯನವರು. "ಹನ್ನೆರಡೂ ಹನ್ನೊಂದು!"

ತಮ್ಮ ಬಾಯಿಂದ ಏನು ಬಂತೆಂದು ಅವರಿಗೆ ತಿಳಿಯುವ ಮೊದಲೇ ನನಗೆ ತಿಳಿಯಿತು. ಮಾತಲ್ಲ, ರಾಗ. ಮೊದಲರ್ಧ ಮೇಲಕ್ಕೆ ಹತ್ತಿ, ಉಳಿದರ್ಧ ಮೂಗಿನೊಳಕ್ಕೆ ಇಳಿದದ್ದು. ಅವರ ದನಿಯನ್ನು ನಾನು ನೂರು ಸಲ ತೆಗೆದಿದ್ದೇನೆ, ಆದರೆ ಅದೆಲ್ಲ ಅಂಗಡಿಯ ಮೆಲುದನಿ. ಅವರು ಕೂಗಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅಲ್ಲ, ಎರಡನೇ ಸಲ. ಮುದ್ದಯ್ಯನಿಗೆ ಕಿವಿ ಮಂದವಿತ್ತು, ಮಗ ಅವನ ಹತ್ತಿರ ಕೂಗಿಯೇ ಮಾತಾಡಬೇಕಿತ್ತು ಎಂದು ಊರಿನ ಹಳಬರೆಲ್ಲ ಬಲ್ಲರು. ಸುತ್ತ ನಿಂತ ಹಳಬರ ಮುಖ ನೋಡಿದೆ. ಬೋರಣ್ಣನ ಕೈ ಬುಟ್ಟಿಯಲ್ಲೇ ನಿಂತಿತ್ತು. ಬೆಂಚಿನ ಹುಡುಗನೊಬ್ಬ ಪಕ್ಕದವನಿಗೆ, "ಹಂಗಾದ್ರೆ ಹಾಕಿದ್ರು" ಎಂದ, ಬಹಳ ಮೆಲ್ಲಗೆ.

ಸೀಬಕ್ಕ ಅವರತ್ತ ತಿರುಗಲಿಲ್ಲ. "ಹಾಂ! ಹನ್ನೆರಡೂ ಹನ್ನೊಂದು!" ಎಂದು ಗುಡ್ಡಕ್ಕೆ ಹೇಳಿ, ಹೆಸರುಗಳನ್ನು ಶುರು ಮಾಡಿದಳು. ತಗಡು ಬಡಿಯುವ ಕಾಳಪ್ಪ. ಅವನ ಹೆಂಡತಿ ರಾಚವ್ವ. ಗಾಜು ಕೂರಿಸುವ ಮಲ್ಲಾಜಿ. ಬತ್ತಿ ಹೊಸೆಯುವ ಚಿಕ್ಕಮಾಯಿ, ಅವಳ ಮಡಿಲಲ್ಲಿದ್ದ ಹೆಸರಿಡದ ಕೂಸು. ಅರವತ್ತೊಂದನ್ನೂ ಹೇಳಿದಳು. ತಮ್ಮಯ್ಯನವರು ಎಲ್ಲಿಯೂ ತಿದ್ದಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅವರೇ ಅವಳನ್ನು ಹಿಡಿದು ಇಳಿಸಿದರು.

ಮನೆಗೆ ನಡೆಯುವಾಗ ಸೀಬಕ್ಕನನ್ನು ಕೇಳಿದೆ: "ನಿನಗೆ ಹೊತ್ತು ಗೊತ್ತಿತ್ತಾ?"

"ಒಳಗಿಂದ ಕೇಳಿತ್ತು. ‘ಟೈಮೆಷ್ಟೋ’ ಅಂತ ಒಬ್ಬ ಕೇಳ್ದ, ‘ಹನ್ನೆರಡೂ ಹನ್ನೊಂದು’ ಅಂತ ಇನ್ನೊಬ್ಬ ಕೂಗ್ದ. ಅವನು ಯಾರು ಅಂತ ಗೊತ್ತಿರಲಿಲ್ಲ ಮಗಾ. ತಪ್ಪು ಟೈಮು ಹೇಳಿದ್ರೆ ತಮ್ಮಯ್ಯ ಬಿಡಲ್ಲ ಅಂತ ಮಾತ್ರ ಗೊತ್ತಿತ್ತು. ಅವನ ಬಾಯಿಂದಲೇ ಸರಿ ಹೊತ್ತು ಬರಲಿ ಅಂತ ತಪ್ಪು ಹೇಳ್ದೆ. ಅವನೇ ಅಂತ ನಾನೆಲ್ಲಿ ಕಂಡಿದ್ದೆ?"

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ತಮ್ಮಯ್ಯನವರು ಬಾಗಿಲಲ್ಲಿದ್ದರು. "ಆ ದಿನದ ಪುಸ್ತಕ ತೆಗಿ" ಎಂದರು. ತೆಗೆದುಕೊಟ್ಟೆ. ಅಪ್ಪನ ಅಕ್ಷರ: ‘ಹನ್ನೆರಡು ಹನ್ನೊಂದು. ಯುವಕನೊಬ್ಬನ ದನಿ. ಯಾರದು: ಗುರುತಿಲ್ಲ.’ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ನಿಮ್ಮಪ್ಪನಿಗೆ ಗುರುತು ಸಿಗಲಿಲ್ವಾ?"

"ನಮ್ಮಪ್ಪನಿಗೆ ಓಣಿಯಾಚೆ ಕೆಮ್ಮಿದೋರ ಗುರುತು ಸಿಗ್ತಿತ್ತು ಸಾರ್. ಈ ಪುಸ್ತಕದಲ್ಲಿ ಅವರು ‘ಗುರುತಿಲ್ಲ’ ಅಂತ ಬರೆದಿರೋದು ಇದೊಂದೇ ಕಡೆ."

ಅವರು ಸ್ಟೂಲಿನ ಮೇಲೆ ಕೂತರು. ನೀರು ಕೊಟ್ಟೆ. ಲೋಟ ಹಿಡಿದುಕೊಂಡೇ ಹೇಳಿದರು: "ಹನ್ನೆರಡು ಹತ್ತರ ತನಕ ನೋಡಿ ಬಾಗಿಲು ಹಾಕಿಸ್ಬೇಕು ಅಂತ ಮಾತಾಗಿತ್ತು ಅಂತೆ. ಯಾತಕ್ಕೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮಪ್ಪ ಟೈಮು ಕೇಳಿದ, ಹೇಳಿದೆ. ಅಷ್ಟೇ ನಾನು ಮಾಡಿದ್ದು." ಮೂಗಿನಿಂದ ಗಾಳಿ ಬರಲಿಲ್ಲ. "ಒಂದೇ ಒಂದು ಸಲ ತಪ್ಪು ಟೈಮು ಹೇಳಿದ್ದಿದ್ರೆ..."

ನನ್ನ ಪೆನ್ನು ತೆಗೆದುಕೊಂಡರು. ‘ಗುರುತಿಲ್ಲ’ ಎಂಬುದಕ್ಕೆ ಸ್ಕೇಲಿಟ್ಟು ಗೆರೆ ಎಳೆದು, ಪಕ್ಕದಲ್ಲಿ ವಾಚಿನ ಬೆನ್ನಿನ ಮೇಲೆ ಕೆತ್ತಿದಂಥ ಸಣ್ಣ ಅಕ್ಷರದಲ್ಲಿ ತಮ್ಮ ಪೂರ್ತಿ ಹೆಸರು ಬರೆದರು. ಹೊರಡುವಾಗ ಗೋಡೆಯತ್ತ ನೋಡಿ, "ನಿಮ್ಮ ಗಡಿಯಾರ ನಾಲ್ಕು ನಿಮಿಷ ಮುಂದಿದೆ" ಎಂದು ಸ್ಟೂಲು ಹತ್ತಿ ಸರಿಮಾಡಿ ಹೋದರು. ಈಚೆಗೆ ಅಂಗಡಿ ಮುಚ್ಚಿದ ಮೇಲೆ ಸಂಜೆ ಸೀಬಕ್ಕನ ಜಗಲಿಗೆ ಬಂದು ಕಂದೀಲಿನ ಬತ್ತಿ ಏರಿಸುವ ಚಕ್ರಗಳನ್ನು ಸರಿಮಾಡಿಕೊಡುತ್ತಾರೆ. ಹೆಚ್ಚು ಮಾತಿಲ್ಲ. ಅವಳು ಬೇಕೆಂದೇ "ಆರು ಗಂಟೆ ಆಯ್ತೇನೋ" ಎನ್ನುತ್ತಾಳೆ, ಅವರು "ಆರೂ ಏಳು" ಎನ್ನುತ್ತಾರೆ, ಸೊಸೆಯಂದಿರು ಸೆರಗಿನಲ್ಲಿ ನಗುತ್ತಾರೆ.

ಅಪರಾಧದ ವಿಚಾರಣೆ ನಡೆಯಲಿಲ್ಲ. ಅರ್ಜಿ ಓದಿದ ಹತ್ತೂ ಸದಸ್ಯರು ಆರೋಪಿಗಳೇ ಆಗಿದ್ದರಿಂದ ಪಟ್ಟಿಗೆ ಬಟ್ಟೆ ಸಾಲದು ಎಂದು ಕಾರ್ಯದರ್ಶಿ ಟಿಪ್ಪಣಿ ಬರೆದರು. ಕಾಯಿದೆ ಈಗಲೂ ಪುಸ್ತಕದಲ್ಲಿದೆ. ಸೀಬಕ್ಕನೂ ತೆಗೆಯಿರಿ ಎನ್ನಲಿಲ್ಲ. ಆದರೆ ಮಾತುಗಲ್ಲಿನ ಪದ್ಧತಿಗೆ ಒಂದು ಸಾಲು ಸೇರಿದೆ: ಮೊದಲು ಮಾತಾಡಿದವರು ಮುಂದಿನವರ ಕೈ ಹಿಡಿದು, ಅವರು ಮುಗಿಸುವ ತನಕ ನಿಲ್ಲಬೇಕು. ವನಜಾಕ್ಷಿ ಮೇಡಂ ಸೇರಿಸಿದ್ದು. ಈ ಸಲ ವಿಷಯ ಪೂರ್ತಿ ಕೇಳಿದ ಮೇಲೆ.

ನನಗೀಗ ಮೂವತ್ಮೂರು. ಆ ಸೋಮವಾರ ವಾಪಸು ಬರುವಾಗ ಅರವತ್ಮೂರಾಗಿರುತ್ತದೆ. ಈ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ. ಅವರಿಗಾಗಿ ಮುಂದಿನ ಪುಸ್ತಕವೊಂದಕ್ಕೆ ಈಗಲೇ ರಟ್ಟು ಹಾಕಿಸಿ, ಆ ತಾರೀಖಿನ ಹಾಳೆಯಲ್ಲಿ ಎರಡು ಸಾಲು ಬರೆದಿಟ್ಟಿದ್ದೇನೆ. ‘ಇವತ್ತು ಹತ್ತೂವರೆಗೆ ಕಿಟಕಿ ಬಾಗಿಲು ಎಲ್ಲ ತೆಗೆದಿಡಿ, ಊರಿನವರನ್ನೂ ಕರೆಯಿರಿ. ಮೊದಲು ಮಾತಾಡುವವರ ಮಾತು ಕೇಳಿ ಯಾರೂ ಎದ್ದು ಹೋಗಬೇಡಿ. ಅವರಿನ್ನೂ ಅಲ್ಲೇ ನಿಂತಿದ್ದಾರೆ.’